ಪಾಲು ಕೇಳಿದವನಿಗೆ ಹೇಳಿದ ಕಥೆ

ಸುಗ್ಗಿ ಹಬ್ಬದ ಭಾನುವಾರ ನಮ್ಮ ಕೋಲಾರದ ಕಡೆಯ ಚರ್ಚುಗಳಲ್ಲಿ ಯಾವ ವಾಕ್ಯಭಾಗ ಓದುತ್ತಾರೆಂದು ಸತ್ಯವೇದ ತೆರೆಯದೆಯೇ ಹೇಳಬಹುದು. ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯ, ಬುದ್ಧಿಹೀನನಾದ ಐಶ್ವರ್ಯವಂತನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಭೂಮಿ ಚೆನ್ನಾಗಿ ಬೆಳೆಯಿತು, ಕಣಜ ಸಾಲದಾಯಿತು, ಹಳೆಯದನ್ನು ಕೆಡವಿ ದೊಡ್ಡದನ್ನು ಕಟ್ಟಿಸುತ್ತೇನೆ ಎಂದುಕೊಂಡ, ಅದೇ ರಾತ್ರಿ ಅವನ ಪ್ರಾಣಕ್ಕೆ ಕರೆ ಬಂತು. ಪೀಠದ ಮುಂದೆ ಕುಂಬಳಕಾಯಿ, ಕಬ್ಬು, ರಾಗಿ ತೆನೆ, ಬಾಳೆಗೊನೆ ಜೋಡಿಸಿಟ್ಟ ದಿನಕ್ಕೆ ಇದಕ್ಕಿಂತ ಒಪ್ಪುವ ಕಥೆ ಸಿಗುವುದಿಲ್ಲ. ಕೇಳುವವರಿಗೂ ನೆಮ್ಮದಿ, ಏಕೆಂದರೆ ಆ ಶ್ರೀಮಂತ ನಾವಲ್ಲ. ಕೋಲಾರದಲ್ಲಿ ಕಣಜ ಕೆಡವಿ ಕಟ್ಟಿಸುವಷ್ಟು ಬೆಳೆ ಯಾರಿಗೆ ಬರುತ್ತದೆ? ಜೀವನದಿ ಇಲ್ಲ, ಮಳೆಯನ್ನು ನಂಬುವಂತಿಲ್ಲ, ಸಾವಿರದ ಇನ್ನೂರು ಅಡಿ ಕೊರೆಸಿದರೂ ಕೊಳವೆ ಬಾವಿಯಿಂದ ದೂಳೆದ್ದ ಉದಾಹರಣೆ ಪ್ರತಿ ಊರಿನಲ್ಲಿಯೂ ಇದೆ.

ಓದುವವರು ಸಾಮಾನ್ಯವಾಗಿ ಹದಿನಾರನೆಯ ವಚನದಿಂದ ಶುರು ಮಾಡುತ್ತಾರೆ. ಹದಿಮೂರರಿಂದ ಶುರು ಮಾಡಿದರೆ ಆ ನೆಮ್ಮದಿ ಉಳಿಯುವುದಿಲ್ಲ. ಅಲ್ಲಿ ಗುಂಪಿನೊಳಗಿಂದ ಒಬ್ಬ ಎದ್ದು ಯೇಸುವಿಗೆ ಅರ್ಜಿ ಹಾಕುತ್ತಾನೆ: ಬೋಧಕನೇ, ತಂದೆಯ ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಒಡಹುಟ್ಟಿದವನಿಗೆ ಹೇಳು. ಅವನು ಪರರ ಆಸ್ತಿಗೆ ಕೈಚಾಚಿದವನಲ್ಲ. ಸಾಲ ಕೊಟ್ಟು ಬಡ್ಡಿ ತಿಂದವನಲ್ಲ. ತನಗೆ ಸಲ್ಲಬೇಕಾದುದನ್ನು ಕೇಳುತ್ತಿದ್ದಾನೆ. ಮೋಶೆಯ ಧರ್ಮಶಾಸ್ತ್ರದಲ್ಲಿ ಚೊಚ್ಚಲ ಮಗನಿಗೆ ಎರಡು ಪಾಲು ಎಂಬುದು ಬಿಟ್ಟರೆ ಉಳಿದವರಿಗೂ ಹಕ್ಕಿತ್ತು. ಅಂದರೆ ಇವನ ಕೇಸು ಗಟ್ಟಿಯಾದದ್ದು. ಯೇಸು ಅದನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ನಿಮಗೆ ಪಾಲು ಹಂಚಲು ನನ್ನನ್ನು ನೇಮಿಸಿದವರು ಯಾರು ಎಂದು ಕೇಳಿ, ಗುಂಪಿನ ಕಡೆಗೆ ತಿರುಗಿ, ಎಲ್ಲ ಬಗೆಯ ಲೋಭದಿಂದ ಎಚ್ಚರವಾಗಿರಿ ಎನ್ನುತ್ತಾನೆ. ಆಮೇಲೆ ಬರುವುದು ಕಣಜದ ಕಥೆ. ಶ್ರೀಮಂತನ ಕಥೆಯನ್ನು ಯೇಸು ಹೇಳಿದ್ದು ಶ್ರೀಮಂತನಿಗಲ್ಲ, ನ್ಯಾಯವಾದ ಪಾಲು ಕೇಳಿದ ತಮ್ಮನಿಗೆ. (ತಮ್ಮ ಎಂಬುದು ನನ್ನ ಊಹೆ. ಆಸ್ತಿ ಹಿಡಿದು ಕುಳಿತವನು ಅಣ್ಣನೇ ಇರಬೇಕು. ನಮ್ಮ ತಾಲ್ಲೂಕಿನಲ್ಲಂತೂ ಹಾಗೆಯೇ.)

ನರಸಾಪುರದಲ್ಲಿ ಕಾರ್ಖಾನೆಗಳು ಬಂದವು, ವೇಮಗಲ್ ಕಡೆಯೂ ಕೈಗಾರಿಕಾ ಪ್ರದೇಶ ಬೆಳೆಯಿತು, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಮಾಲೂರು, ಬಂಗಾರಪೇಟೆಯ ಹೊಲಗಳ ನಡುವೆ ಹಾದುಹೋಯಿತು. ಅಪ್ಪಂದಿರ ಕಾಲದಲ್ಲಿ ಹುರುಳಿ ಬೆಳೆದರೂ ಬೆಳೆದೀತು, ಬಿಟ್ಟರೂ ಬಿಟ್ಟೀತು ಎನ್ನುವಂತಿದ್ದ ಮುಕ್ಕಾಲು ಎಕರೆಗೆ ಈಗ ದಲ್ಲಾಳಿಗಳು ಮನೆಯ ಮುಂದೆ ಕಾರು ನಿಲ್ಲಿಸುತ್ತಾರೆ. ಆ ಮುಕ್ಕಾಲು ಎಕರೆಯ ಜೊತೆಗೆ ಪಹಣಿ, ಪೋಡಿ, ಹದ್ದುಬಸ್ತು, ವಂಶವೃಕ್ಷ ಎಂಬ ಮಾತುಗಳು ಊಟದ ಹೊತ್ತಿಗೂ ಬಂದು ಕೂರುತ್ತವೆ. ಮತ್ತಾಯನ ಮೊದಲನೆಯ ಅಧ್ಯಾಯದ ವಂಶಾವಳಿ ಓದುವಾಗ ತೂಕಡಿಸುವವರು ನಾಡಕಚೇರಿಯ ವಂಶವೃಕ್ಷದಲ್ಲಿ ಒಂದು ಹೆಸರು ಹೆಚ್ಚಾಗಿದ್ದರೆ ತಟ್ಟನೆ ಎಚ್ಚರಗೊಳ್ಳುತ್ತಾರೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ನ್ಯಾಯವಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮಂದಿರು ಅಕ್ಕನ ಸಹಿಗಾಗಿ ಸೀರೆ ಹಿಡಿದುಕೊಂಡು ಬರುವುದನ್ನು ಮಾತ್ರ ಯಾವ ಕಾನೂನೂ ತಡೆಯಲಾರದು.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಹಣದ ಅಪಾಯ ಎಂದಾಗ ನಮ್ಮ ಮನಸ್ಸಿಗೆ ಬರುವುದು ಲಂಚ, ಮೋಸ, ಮದ್ಯ, ಜೂಜು. ಆ ಪಟ್ಟಿಯಲ್ಲಿ ನಾವಿಲ್ಲ ಎಂದು ಖಾತ್ರಿಯಾದ ಮೇಲೆ ಪ್ರಸಂಗವನ್ನು ನೆಮ್ಮದಿಯಿಂದ ಕೇಳುತ್ತೇವೆ. ಸುವಾರ್ತೆಗಳನ್ನು ಓದುತ್ತಾ ಹೋದರೆ ಕಾಣುವುದು ಬೇರೆ. ಯೇಸು ಎಚ್ಚರಿಸಿದ ಐಶ್ವರ್ಯವಂತರಲ್ಲಿ ಕಳ್ಳರು ಬಹಳ ಕಡಿಮೆ. ಒಬ್ಬ ಒಳ್ಳೆಯ ರೈತ. ಇನ್ನೊಬ್ಬ ಚಿಕ್ಕಂದಿನಿಂದಲೂ ಆಜ್ಞೆಗಳನ್ನೆಲ್ಲ ಪಾಲಿಸಿದವನು, ಯೇಸು ಅವನನ್ನು ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆಯುತ್ತಾನೆ, ಆದರೂ ಅವನು ಮುಖ ಬಾಡಿಸಿಕೊಂಡು ಹೊರಟುಹೋದ. ಮತ್ತೊಬ್ಬ ತನ್ನ ಮನೆಯಲ್ಲಿ ತಾನು ಚೆನ್ನಾಗಿ ಉಂಡುಟ್ಟವನು, ಅಷ್ಟೇ. ಐಶ್ವರ್ಯ ಮನೆಯೊಳಕ್ಕೆ ಬರುವುದು ಒಳ್ಳೆಯತನದ ಬಾಗಿಲಿನಿಂದ. ದುಡಿಮೆ, ಮಿತವ್ಯಯ, ಮಕ್ಕಳ ಮೇಲಿನ ಪ್ರೀತಿ, ನ್ಯಾಯವಾದ ಹಕ್ಕು, ಇವುಗಳ ಕೈ ಹಿಡಿದುಕೊಂಡು ಬರುತ್ತದೆ. ಅದಕ್ಕೇ ಅದನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ.

ಕಣಜದವನ ಮಾತನ್ನು ಒಮ್ಮೆ ನಿಧಾನವಾಗಿ ಕೇಳಿ. ನಾನು ಏನು ಮಾಡಲಿ? ನನ್ನ ಬೆಳೆ ತುಂಬಿಡಲು ನನಗೆ ಸ್ಥಳವಿಲ್ಲ. ನನ್ನ ಕಣಜಗಳನ್ನು ಕೀಳಿಸಿ ದೊಡ್ಡವನ್ನು ಕಟ್ಟಿಸುತ್ತೇನೆ. ಆಮೇಲೆ ನನ್ನ ಜೀವಕ್ಕೆ ಹೇಳುತ್ತೇನೆ: ಜೀವವೇ, ಬಹಳ ವರ್ಷಗಳಿಗೆ ಸಾಕಾಗುವಷ್ಟು ಇದೆ, ವಿಶ್ರಮಿಸಿಕೋ, ಉಣ್ಣು, ಕುಡಿ, ಸುಖಪಡು. ಕಥೆಯಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಆಳುಗಳಿಲ್ಲ, ಪಕ್ಕದ ಹೊಲದವನಿಲ್ಲ. ಅಷ್ಟು ಬೆಳೆ ಒಬ್ಬನೇ ಕೊಯ್ದನೇ? ಕೂಲಿಯವರು ಇದ್ದೇ ಇರುತ್ತಾರೆ, ಅವನ ಕಣ್ಣಿಗೆ ಬಿದ್ದಿಲ್ಲ. ಮಾತಾಡಲು ತನ್ನ ಜೀವ ಬಿಟ್ಟರೆ ಯಾರೂ ಉಳಿಯದ ಮನುಷ್ಯನಿಗೆ ಕೊನೆಗೆ ದೇವರೇ ಉತ್ತರ ಕೊಡಬೇಕಾಯಿತು: ನೀನು ಸಿದ್ಧಮಾಡಿಟ್ಟದ್ದು ಯಾರದಾಗುವುದು? ಈ ಪ್ರಶ್ನೆ ಪಾಲು ಕೇಳಿದ ತಮ್ಮನಿಗೂ ಕೇಳಿಸಿರಬೇಕು. ಸತ್ತವನು ಬಿಟ್ಟುಹೋದ ಕಣಜಕ್ಕಾಗಿ ನಾಳೆ ಅವನ ಮಕ್ಕಳೂ ಯಾವನಾದರೂ ಬೋಧಕನ ಹತ್ತಿರ ಹೀಗೆಯೇ ಹೋಗಿ ನಿಲ್ಲುತ್ತಾರೆ.

ನಮ್ಮಲ್ಲಿ ಕಣಜ ಇಲ್ಲದಿದ್ದರೂ ಟೊಮೆಟೊ ಇದೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಹಾಕಿದರು. ಅದೇ ಮಂಡಿಗೆ ತಂದ ಹಣ್ಣಿಗೆ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಯಲ್ಲಿ ಸುರಿದುಹೋದ ವರ್ಷಗಳನ್ನೂ ನಾವು ಕಂಡಿದ್ದೇವೆ. ಬೆಲೆ ಬಂದ ವರ್ಷ ಸಾಲ ತೀರಿಸಿದ, ಮಗಳ ಮದುವೆ ಮಾಡಿದ, ಮನೆಗೆ ತಾರಸಿ ಹಾಕಿಸಿದ ರೈತನನ್ನು ಕಣಜದವನ ಸಾಲಿಗೆ ಸೇರಿಸಿ ಪ್ರಸಂಗ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಿಂಗಳ ಸಂಬಳದವರು ರೈತನಿಗೆ ತೃಪ್ತಿಯ ಪಾಠ ಹೇಳುವುದು ಸುಲಭ. ಜ್ಞಾನೋಕ್ತಿಗಳ ಮೂವತ್ತನೆಯ ಅಧ್ಯಾಯದಲ್ಲಿ ಆಗೂರನ ಪ್ರಾರ್ಥನೆಯೊಂದಿದೆ: ಬಡತನವನ್ನೂ ಕೊಡಬೇಡ, ಐಶ್ವರ್ಯವನ್ನೂ ಕೊಡಬೇಡ, ಹೊಟ್ಟೆ ತುಂಬಿದರೆ ನಿನ್ನನ್ನು ಮರೆತೇನು, ಬರಿಗೈಯಾದರೆ ಕದ್ದೇನು. ಬಡತನ ಪುಣ್ಯ ಎಂದು ಆ ಪ್ರಾರ್ಥನೆ ಹೇಳುವುದಿಲ್ಲ. ಎರಡು ಕಡೆಯೂ ಹಳ್ಳವಿದೆ ಎನ್ನುತ್ತದೆ.

ಆದರೂ ಟೊಮೆಟೊ ಒಂದು ವಿಷಯದಲ್ಲಿ ದೇವರ ಕಡೆಯ ಬೆಳೆ. ಕೂಡಿಡಲು ಬರುವುದಿಲ್ಲ. ಇಸ್ರಾಯೇಲರು ಅರಣ್ಯದಲ್ಲಿ ನಾಳೆಗೆಂದು ಎತ್ತಿಟ್ಟ ಮನ್ನ ಹುಳ ಬಿದ್ದು ನಾರಿತು ಎಂದು ವಿಮೋಚನಕಾಂಡ ಹೇಳುತ್ತದೆ. ಟೊಮೆಟೊ ಹಾಗೆಯೇ. ಕೂಡಿಡುವ ಸಮಸ್ಯೆ ಬರುವುದು ಅದು ಸೈಟಾಗಿ, ಒಡವೆಯಾಗಿ, ಬ್ಯಾಂಕಿನ ಠೇವಣಿಯಾಗಿ ಬದಲಾದ ಮೇಲೆ.

ಕೋಲಾರದ ನಮ್ಮ ಮೆಥೋಡಿಸ್ಟ್ ಜನರ ಕಥೆ ಶುರುವಾಗುವುದು ಕಣಜದಿಂದಲ್ಲ, ಬರದಿಂದ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಸತ್ತವರು ಸುಮಾರು ಹತ್ತು ಲಕ್ಷ. ಆಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಕರೆತಂದು ಸಾಕಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ ವಹಿಸಿಕೊಂಡಿತು. ಬರದ ಮಕ್ಕಳು ಓದಿದರು. ಅವರ ಮಕ್ಕಳು ಮೇಷ್ಟ್ರಾದರು, ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ನರ್ಸುಗಳಾದರು, ಚಿನ್ನದ ಗಣಿಯಲ್ಲಿ ಗುಮಾಸ್ತರಾದರು. ಕುಡಿಯಲಿಲ್ಲ, ಜೂಜಾಡಲಿಲ್ಲ, ಪೈಸೆಗೆ ಪೈಸೆ ಕೂಡಿಸಿದರು. ಮೊಮ್ಮಕ್ಕಳು ಬೆಂಗಳೂರು ಸೇರಿದರು, ಮರಿಮಕ್ಕಳು ಮೆಲ್ಬರ್ನ್, ಟೊರಾಂಟೊ ಸೇರಿದರು. ನಮ್ಮ ಮನೆತನವೂ ಇದೇ ದಾರಿಯಲ್ಲಿ ಬಂದದ್ದು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಇಲ್ಲ ಎಂದು ನಾವು ಹೇಳಿಕೊಳ್ಳುವಾಗ ಜಾನ್ ವೆಸ್ಲಿ ಅಡ್ಡ ಬರುತ್ತಾನೆ. ಮೆಥೋಡಿಸ್ಟ್ ಚಳವಳಿಯನ್ನು ಶುರು ಮಾಡಿದ ಈ ಮನುಷ್ಯ 1791ರಲ್ಲಿ ತೀರಿಕೊಂಡ. ತನ್ನ ಕೊನೆಯ ವರ್ಷಗಳಲ್ಲಿ ಅವನನ್ನು ಕಾಡಿದ್ದು ತನ್ನ ಜನ ಶ್ರೀಮಂತರಾಗುತ್ತಿದ್ದಾರೆ ಎಂಬ ಚಿಂತೆ. 1786ರಲ್ಲಿ ಬರೆದ ಒಂದು ಲೇಖನದಲ್ಲಿ ಅವನು ಒಂದು ಸರಪಳಿಯನ್ನು ತೋರಿಸುತ್ತಾನೆ. ನಿಜವಾದ ಭಕ್ತಿ ಇದ್ದಲ್ಲಿ ದುಡಿಮೆಯೂ ಮಿತವ್ಯಯವೂ ಬಂದೇ ಬರುತ್ತವೆ. ಅವೆರಡೂ ಇದ್ದಲ್ಲಿ ಹಣ ಬಂದೇ ಬರುತ್ತದೆ. ಹಣ ಹೆಚ್ಚಿದಷ್ಟೂ ಗರ್ವ, ಸಿಟ್ಟು, ಲೋಕದ ಮೋಹ ಹೆಚ್ಚುತ್ತವೆ. ಹಾಗಾದರೆ ಭಕ್ತಿ ತಾನೇ ತನ್ನ ಸಾವನ್ನು ಹೆರುತ್ತದೆ. ದುಡಿಯಬೇಡಿ, ಉಳಿಸಬೇಡಿ ಎಂದು ಭಕ್ತರಿಗೆ ಹೇಳುವುದಕ್ಕೂ ಆಗದು. ಅವನಿಗೆ ಕಂಡ ದಾರಿ ಒಂದೇ: ಆದಷ್ಟು ಗಳಿಸಿ, ಆದಷ್ಟು ಉಳಿಸಿ, ಆದಷ್ಟು ಕೊಟ್ಟುಬಿಡಿ. ಮೊದಲಿನ ಎರಡನ್ನು ಜನ ಚೆನ್ನಾಗಿ ಪಾಲಿಸಿದರು, ಮೂರನೆಯದಕ್ಕೆ ಕಿವುಡಾದರು ಎಂದು ಮುದಿ ವಯಸ್ಸಿನಲ್ಲಿ ಅವನು ಮತ್ತೆ ಮತ್ತೆ ಗೋಳಾಡಿದ. ನನಗೆ ಕೋಲಾರದ ಚರ್ಚಿನ ನೂರು ವರ್ಷಗಳ ಚರಿತ್ರೆಯನ್ನು ಮೂರು ಸಾಲಿನಲ್ಲಿ ಬರೆ ಎಂದರೆ ಇದನ್ನೇ ನಕಲು ಮಾಡಿಕೊಡುತ್ತೇನೆ.

ವೆಸ್ಲಿ ಹೇಳಿದ್ದನ್ನು ಮಾಡಿ ತೋರಿಸಿದವನು. ಆಕ್ಸ್‌ಫರ್ಡಿನ ಒಬ್ಬ ತರುಣನ ಲೆಕ್ಕವನ್ನು ಅವನು ಪ್ರಸಂಗವೊಂದರಲ್ಲಿ ಹೇಳುತ್ತಾನೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ ಎರಡನ್ನು ದಾನ ಮಾಡಿದ. ಮರುವರ್ಷ 60 ಬಂತು, ಆಗಲೂ 28ರಲ್ಲಿಯೇ ಬದುಕಿದ, 32 ಕೊಟ್ಟ. ಮೂರನೆಯ ವರ್ಷ 90, ನಾಲ್ಕನೆಯ ವರ್ಷ 120. ಬದುಕಿದ್ದು ಮಾತ್ರ ಅದೇ 28ರಲ್ಲಿ. ಆ ತರುಣ ವೆಸ್ಲಿಯೇ ಎಂದು ಬಹುತೇಕ ಎಲ್ಲರೂ ತಿಳಿಯುತ್ತಾರೆ. ಪೇ ಕಮಿಷನ್ ಬಂದಾಗಲೆಲ್ಲ ನನಗೆ ಈ 28 ನೆನಪಾಗುತ್ತದೆ. ನೆನಪಾಗಿ ಏನೂ ಆಗುವುದಿಲ್ಲ, ಹೊಸ ಸೋಫಾ ಬರುತ್ತದೆ. 1776ರಲ್ಲಿ ಸುಂಕದ ಅಧಿಕಾರಿಗಳು ಅವನ ಬಳಿ ಬಚ್ಚಿಟ್ಟ ಬೆಳ್ಳಿ ಸಾಮಾನು ಇರಬೇಕೆಂದು ವಿಚಾರಿಸಿದಾಗ ಅವನು ಬರೆದ ಉತ್ತರ ಎರಡು ಸಾಲಿನದು: ಲಂಡನ್ನಿನಲ್ಲಿ ಎರಡು ಬೆಳ್ಳಿ ಚಮಚ ಇವೆ, ಬ್ರಿಸ್ಟಲಿನಲ್ಲಿ ಎರಡು; ನನ್ನ ಸುತ್ತ ಇಷ್ಟು ಜನಕ್ಕೆ ರೊಟ್ಟಿ ಇಲ್ಲದಿರುವಾಗ ಇನ್ನು ಕೊಳ್ಳುವುದಿಲ್ಲ.

ಇನ್ನೊಂದು ಘಟನೆಯನ್ನು ಅವನೇ ಹೇಳಿಕೊಂಡಿದ್ದಾನೆ. ಚಳಿಗಾಲದಲ್ಲಿ ಒಬ್ಬ ಬಡ ಹುಡುಗಿ ಅವನ ಕೋಣೆಗೆ ಬರುತ್ತಾಳೆ, ಮೈಮೇಲೆ ತೆಳುವಾದ ಬಟ್ಟೆ. ಏನಾದರೂ ಕೊಡೋಣವೆಂದು ಜೇಬಿಗೆ ಕೈ ಹಾಕಿದರೆ ಹೆಚ್ಚೇನೂ ಉಳಿದಿರಲಿಲ್ಲ. ಗೋಡೆಯ ಮೇಲಿದ್ದ ಚಿತ್ರಪಟಗಳು ಆಗ ಅವನನ್ನು ಚುಚ್ಚಿದವು. ಈ ಹುಡುಗಿಯ ಚಳಿ ಕಳೆಯಬಹುದಾಗಿದ್ದ ಹಣದಿಂದ ನೀನು ಗೋಡೆ ಸಿಂಗರಿಸಿದೆ ಎಂದು ಯಜಮಾನನಾದ ದೇವರು ಕೇಳಿದರೆ ಏನು ಹೇಳಲಿ ಎಂದುಕೊಂಡ. ಚಿತ್ರಪಟ ಪಾಪವಲ್ಲ. ಅಂಥ ಪ್ರಶ್ನೆ ಹುಟ್ಟಬೇಕಾದರೆ ಆ ಹುಡುಗಿ ಒಳಗೆ ಬರಬೇಕು. ನಮ್ಮ ಮನೆಗಳಿಗೆ ಅವಳು ಬರುವುದೇ ಇಲ್ಲ. ಗೇಟಿನಲ್ಲಿ ಕ್ಯಾಮೆರಾ ಇದೆ.

ಲೂಕನ ಹದಿನಾರನೆಯ ಅಧ್ಯಾಯದ ಐಶ್ವರ್ಯವಂತನ ಮನೆಗೂ ಗೇಟಿತ್ತು. ಅವನು ಧೂಮ್ರವರ್ಣದ ಬಟ್ಟೆ, ನಯವಾದ ನಾರುಮಡಿ ಉಟ್ಟುಕೊಂಡು ದಿನವೂ ಹಬ್ಬದೂಟ ಮಾಡುತ್ತಿದ್ದ. ಬಾಗಿಲಲ್ಲಿ ಹುಣ್ಣು ತುಂಬಿದ ಲಾಜರ ಬಿದ್ದಿದ್ದ. ಐಶ್ವರ್ಯವಂತ ಅವನನ್ನು ಒದೆಯಲಿಲ್ಲ, ಓಡಿಸಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಸತ್ತ ಮೇಲೆ ಯಾತನೆಯಲ್ಲಿ ತಲೆಯೆತ್ತಿ ನೋಡಿದಾಗ ಮಾತ್ರ ಒಂದು ಗುಟ್ಟು ಹೊರಬೀಳುತ್ತದೆ. ತಂದೆಯೇ ಅಬ್ರಹಾಮನೇ, ಲಾಜರನನ್ನು ಕಳುಹಿಸು ಎಂದು ಕೂಗುತ್ತಾನೆ. ಹೆಸರು ಗೊತ್ತಿತ್ತು! ಅಷ್ಟು ದಿನವೂ ಗೊತ್ತಿತ್ತು. ಅಲ್ಲಿಯೂ ಅವನಿಗೆ ಲಾಜರ ನೀರು ತಂದುಕೊಡುವ ಆಳಾಗಿಯೇ ಕಾಣುತ್ತಾನೆ. ನಾಲ್ಕನೆಯ ಶತಮಾನದಲ್ಲಿ ಅಂತಿಯೋಕ್ಯದ ಚಿನ್ನದ ಬಾಯಿಯ ಯೋಹಾನ, ಲೋಕ ಕ್ರಿಸೊಸ್ತೋಮ ಎಂದು ಕರೆಯುವವನು, ಈ ಒಂದೇ ಕಥೆಯ ಮೇಲೆ ಸಾಲು ಸಾಲು ಪ್ರಸಂಗ ಮಾಡಿದ. ಇದ್ದುದನ್ನು ಹಂಚಿಕೊಳ್ಳದಿರುವುದೇ ಕಳವು ಎಂದ. ಅವನಿಗಿಂತ ಸ್ವಲ್ಪ ಮೊದಲು ಕೈಸರೈಯದಲ್ಲಿ ಬಿಷಪ್ ಬಾಸಿಲನು ಕಣಜದವನ ಸಾಮ್ಯದ ಮೇಲೆ ಮಾತಾಡಿದ. ನೀನು ಹಿಡಿದಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಅಂಗಿ ಬೆತ್ತಲೆಯವನದು, ಕೊಳೆಯುತ್ತಿರುವ ಕೆರ ಬರಿಗಾಲಿನವನದು ಎಂದು ಅವನು ಹೇಳಿದ ಊರು ಬರವನ್ನೂ ಕಂಡ ಊರು. ಧಾತು ಈಶ್ವರದ ಬರದಿಂದ ಹುಟ್ಟಿದ ಸಭೆಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಭೋಗ ಎಂದರೆ ನಮ್ಮ ಜನಕ್ಕೆ ಬಾರು, ರೆಸಾರ್ಟು ನೆನಪಾಗುತ್ತವೆ. ನಾನು ಕಂಡದ್ದು ದೀಕ್ಷಾಸ್ನಾನದ ಊಟದಲ್ಲಿ. ಎಂಟು ತಿಂಗಳ ಮಗುವಿಗೆ ಚರ್ಚಿನಲ್ಲಿ ಕಾಲು ಗಂಟೆಯ ವಿಧಿ, ಆಮೇಲೆ ಕಲ್ಯಾಣ ಮಂಟಪದಲ್ಲಿ ಮಟನ್ ಬಿರಿಯಾನಿ, ಮೂರು ಬಗೆಯ ಸಿಹಿ, ಮೇಲೆ ಹಾರಾಡುವ ಡ್ರೋನ್ ಕ್ಯಾಮೆರಾ. ಲೋಕವನ್ನೂ ಅದರ ಆಡಂಬರವನ್ನೂ ಬಿಟ್ಟಿದ್ದೇವೆ ಎಂದು ಪೋಷಕರು ಬೆಳಿಗ್ಗೆ ಪೀಠದ ಮುಂದೆ ಮಾತು ಕೊಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಡ್ರೋನಿನ ಸದ್ದಿನಲ್ಲಿ ಮುಳುಗಿತ್ತು. ಸಾಲ ಮಾಡಿ ಮಾಡಿದ ಊಟ ಅದು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಬಂದವರು ಏನೆನ್ನುತ್ತಾರೋ ಎಂಬ ಭಯ ಅದನ್ನು ಮಾಡಿಸಿತು. ನಾನೂ ಬಂದವರಲ್ಲಿ ಒಬ್ಬ, ಎರಡನೆಯ ಸಲ ಬಡಿಸಿಕೊಂಡವನು. ಸೊದೋಮಿನ ದೋಷ ಏನೆಂದು ಯೆಹೆಜ್ಕೇಲನು ಎಣಿಸುವಾಗ ಮೊದಲು ಹೇಳುವುದು ಗರ್ವ, ಹೊಟ್ಟೆ ತುಂಬ ಅನ್ನ, ನೆಮ್ಮದಿಯ ಬದುಕು, ಇಷ್ಟಿದ್ದೂ ದಿಕ್ಕಿಲ್ಲದವನ ಕೈ ಹಿಡಿಯದಿದ್ದುದು. ಹದಿನಾರನೆಯ ಅಧ್ಯಾಯ, ನಲವತ್ತೊಂಬತ್ತನೆಯ ವಚನ. ಈ ವಚನದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಕೇಳುವುದು ಬೇರೆಯದನ್ನು. ಈಗೀಗ ಬಾಡಿಗೆ ಹಾಲುಗಳಲ್ಲಿ ನಡೆಯುವ ಕೂಟಗಳಲ್ಲಿ ಆಶೀರ್ವಾದ ಎಂದರೆ ಕಾರು, ಸೈಟು, ವೀಸಾ. ಬೀಜದ ಕಾಣಿಕೆ ಹಾಕಿದರೆ ನೂರರಷ್ಟು ಫಲ. ಹೊಸ ಕಾರಿನ ಬಾನೆಟ್ಟಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ, ಅದರ ಫೋಟೊ ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತದೆ. ಹಳೆಯ ಸಭೆಗಳವರಾದ ನಾವು ಇದನ್ನು ನೋಡಿ ಮೂಗು ಮುರಿಯುತ್ತೇವೆ. ಅವರು ಬಾಯಿಬಿಟ್ಟು ಕೇಳುವುದನ್ನು ನಾವು ಮನಸ್ಸಿನಲ್ಲಿ ಕೇಳುತ್ತೇವೆ, ಅಷ್ಟೇ ವ್ಯತ್ಯಾಸ.

ಕೋಲಾರದವನಾಗಿ ಚಿನ್ನದ ಮಾತೆತ್ತದೆ ಮುಂದೆ ಹೋಗುವುದು ಹೇಗೆ? ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿದ್ದು 1880ರ ಸುಮಾರಿಗೆ, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಯೋಬನ ಇಪ್ಪತ್ತೆಂಟನೆಯ ಅಧ್ಯಾಯವನ್ನು ಮಾರಿಕುಪ್ಪಂ ಕಡೆಯ ನಿವೃತ್ತ ಕಾರ್ಮಿಕರೊಬ್ಬರು ಪ್ರಾರ್ಥನಾ ಕೂಟದಲ್ಲಿ ಓದಿದ್ದನ್ನು ನಾನು ಕೇಳಿದ್ದೇನೆ. ಮನುಷ್ಯನು ಕತ್ತಲೆಯ ಕೊನೆಯನ್ನು ಹುಡುಕಿ ಕಲ್ಲನ್ನು ಶೋಧಿಸುತ್ತಾನೆ. ಜನ ವಾಸಿಸುವ ಕಡೆಯಿಂದ ದೂರ ಸುರಂಗ ತೋಡಿ, ನಡೆಯುವವರ ಕಾಲಿಗೆ ಮರೆತುಹೋದವರಾಗಿ, ಹಗ್ಗದಲ್ಲಿ ನೇತಾಡುತ್ತಾರೆ. ಬೆಟ್ಟಗಳನ್ನು ಬುಡಸಹಿತ ಮಗುಚುತ್ತಾರೆ. ಅಷ್ಟು ಓದಿ ಅವರು ಕನ್ನಡಕ ತೆಗೆದರು. ಕೇಜಿನಲ್ಲಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದುದು, ಕೆಳಗಿನ ಕಾವು, ಬಂಡೆ ಸಿಡಿದಾಗ ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದುದು, ಮನೆಯ ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದುದು, ಎಲ್ಲವನ್ನೂ ಹೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು ಮುಂದಿನ ವಚನ ಓದಿದರು: ಆದರೆ ಜ್ಞಾನ ಎಲ್ಲಿ ಸಿಕ್ಕೀತು? ಅದು ನನ್ನಲ್ಲಿಲ್ಲ ಎನ್ನುತ್ತದೆ ಭೂಮಿಯ ಆಳ. ಓಫೀರಿನ ಬಂಗಾರವನ್ನು ತೂಗಿಟ್ಟರೂ ಅದು ಸಿಗುವುದಿಲ್ಲ.

ಅಷ್ಟು ಚಿನ್ನ ತೆಗೆದವರ ಮನೆಯ ಹೆಣ್ಣುಮಕ್ಕಳ ಕಿವಿಯಲ್ಲಿ ಎಷ್ಟು ಚಿನ್ನವಿತ್ತು ಎಂದು ಅವರನ್ನು ಯಾರೋ ಕೇಳಿದರು. ಅವರು ನಕ್ಕರು. ಅವರ ಪಾಲಿಗೆ ಬಂದದ್ದು ಎದೆಯ ಕೆಮ್ಮು, ಊರಿನ ಪಾಲಿಗೆ ಉಳಿದದ್ದು ಚಿನ್ನ ತೆಗೆದ ಮೇಲಿನ ಕಸದ ಮಣ್ಣು, ಸೈನೈಡ್ ದಿಬ್ಬ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಶ್ರೀಮಂತರಿಗೆ ಹೇಳಿದ ಮಾತಿದೆ, ನಿಮ್ಮ ಚಿನ್ನ ಬೆಳ್ಳಿಗೆ ತುಕ್ಕು ಹಿಡಿದಿದೆ ಎಂದು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವೆಂದು ಗಣಿಯ ಊರಿನ ಮಗುವಿಗೂ ಗೊತ್ತು. ಯಾಕೋಬನಿಗೂ ಗೊತ್ತಿದ್ದಿರಬೇಕು. ಮುಂದಿನ ವಚನದಲ್ಲಿ ಅವನು ಆ ತುಕ್ಕನ್ನು ತೋರಿಸುತ್ತಾನೆ: ನಿಮ್ಮ ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿ ಕೂಗುತ್ತಿದೆ. ಈ ಮಾತನ್ನು ಓದಿ ಮುಗಿಸಿದ ಮೇಲೆ ಟೊಮೆಟೊ ಬಿಡಿಸಲು ಬೆಳಕು ಹರಿಯುವ ಮುನ್ನ ಟೆಂಪೊ ಹತ್ತಿ ಬರುವ ಹೆಂಗಸರ ದಿನಗೂಲಿ ಎಷ್ಟೆಂದು ವಿಚಾರಿಸಬೇಕು. ಬೆಲೆ ಎರಡು ಸಾವಿರ ಮುಟ್ಟಿದ ದಿನ ಅದು ಎಷ್ಟು ಏರಿತೆಂದೂ ವಿಚಾರಿಸಬೇಕು.

ಇನ್ನು ನಮ್ಮ ಸಭೆಯ ಸಂಗತಿ. ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ ಆವರಣದಲ್ಲಿ ಹರಾಜು ನಡೆಯುವುದು ನಮ್ಮಲ್ಲಿ ಹಳೆಯ ವಾಡಿಕೆ. ದೇವರಿಗೆ ತಂದ ಫಲಗಳನ್ನು ಸಭೆಯವರೇ ಕೂಗಿ ಕೊಳ್ಳುತ್ತಾರೆ, ಹಣ ಸಭೆಯ ಖರ್ಚಿಗೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವ ದನಿಗೆ ಮಕ್ಕಳೆಲ್ಲ ಸೇರುತ್ತಾರೆ. ನಗು, ಕೀಟಲೆ, ಒಂದು ತೆಂಗಿನಕಾಯಿಗೆ ಐನೂರು. ನನಗೆ ಆ ಗದ್ದಲ ಇಷ್ಟ. ಸೆರಗಿನಲ್ಲಿ ನಾಲ್ಕು ಮೊಟ್ಟೆ ಕಟ್ಟಿಕೊಂಡು ಬಂದ ಅಜ್ಜಿಯ ಕಾಣಿಕೆಯೂ ಅಲ್ಲಿ ಮೇಜಿನ ಮೇಲೆ ಎಲ್ಲದರ ಜೊತೆಗೆ ಇರುತ್ತದೆ.

ಎರಡು ವರ್ಷದ ಹಿಂದಿನ ಹಬ್ಬದಲ್ಲಿ ಒಂದು ನಾಟಿ ಹುಂಜ ಹರಾಜಿಗೆ ಬಂತು. ಕಾಲು ಕಟ್ಟಿದ್ದರು, ಕೆಂಪು ಜುಟ್ಟು, ಸಿಟ್ಟಿನ ಕಣ್ಣು. ಸಭೆಯ ಒಬ್ಬ ಹಿರಿಯರು ಆರುನೂರು ಎಂದರು. ಇನ್ನೊಂದು ಮೂಲೆಯಿಂದ ಅವರ ತಮ್ಮ ಸಾವಿರ ಎಂದರು. ಅಣ್ಣ ತಮ್ಮಂದಿರ ನಡುವೆ ಪಿತ್ರಾರ್ಜಿತ ಜಮೀನಿನ ವ್ಯಾಜ್ಯ ನ್ಯಾಯಾಲಯದಲ್ಲಿ ಮುಗಿದಿತ್ತು, ಸಮನಾಗಿ ಪಾಲಾಗಿತ್ತು, ಆದರೂ ಒಬ್ಬರು ಬಲಗಡೆಯ ಬೆಂಚಿನಲ್ಲಿ ಕೂತರೆ ಇನ್ನೊಬ್ಬರು ಎಡಗಡೆಯಲ್ಲಿ. ಸಾವಿರದ ಐನೂರು. ಎರಡು ಸಾವಿರ. ಮೊದಮೊದಲು ಎಲ್ಲರೂ ನಗುತ್ತಿದ್ದರು. ನಾಲ್ಕು ಸಾವಿರ ದಾಟಿದ ಮೇಲೆ ನಗು ನಿಂತಿತು. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ಹುಂಜವನ್ನೇ ನೋಡುತ್ತಿದ್ದರು. ಹರಾಜು ಕೂಗುವವನಿಗೂ ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಒಂಬತ್ತು ಸಾವಿರಕ್ಕೆ ತಮ್ಮನ ಪಾಲಾಯಿತು. ಮೈಕಿನಲ್ಲಿ ಹೆಸರು ಕೂಗಿ ದೇವರು ಈ ಕುಟುಂಬವನ್ನು ಆಶೀರ್ವದಿಸಲಿ ಎಂದರು, ಎಲ್ಲರೂ ಆಮೆನ್ ಎಂದೆವು. ಖಜಾಂಚಿಯವರು ರಸೀದಿ ಬರೆದರು.

ಅರ್ಧ ಗಂಟೆಯ ಹಿಂದಷ್ಟೇ ಕಣಜದ ಕಥೆ ಓದಿದ್ದೆವು, ಹದಿನಾರನೆಯ ವಚನದಿಂದ. ಯಜ್ಞವೇದಿಗೆ ಕಾಣಿಕೆ ತರುವಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂದು ಯೇಸು ಹೇಳಿದ್ದಾನೆ. ನಾವು ಅವರ ಜಗಳವನ್ನೇ ಕಾಣಿಕೆಯಾಗಿ ತೆಗೆದುಕೊಂಡೆವು. ಪಾಲು ಹಂಚುವವನನ್ನಾಗಿ ನನ್ನನ್ನು ನೇಮಿಸಿದವರು ಯಾರು ಎಂದು ಅವನು ದೂರ ಸರಿದ ಕೆಲಸದಲ್ಲಿ ಸಭೆಗೆ ಒಂಬತ್ತು ಸಾವಿರ ಲಾಭ ಬಂತು.

ಪಾಸ್ಟರರು ಆ ವಿಷಯವನ್ನು ಸಭಾ ಸಮಿತಿಯ ಮುಂದಿಟ್ಟರು. ಕಳೆದ ಹಬ್ಬದಲ್ಲಿ ಕೂಗುವ ಹರಾಜು ಬೇಡ, ಹೆಸರು ಹೇಳುವುದೂ ಬೇಡ ಎಂದು ತೀರ್ಮಾನವಾಯಿತು. ರಾಗಿ, ಬೇಳೆ ಹಾಸ್ಟೆಲಿನ ಅಡುಗೆಮನೆಗೆ ಹೋಯಿತು. ಉಳಿದವುಗಳಿಗೆ ಚೀಟಿಯಲ್ಲಿ ಬೆಲೆ ಬರೆದಿಟ್ಟರು, ಬೇಕಾದವರು ಡಬ್ಬಿಯಲ್ಲಿ ಹಣ ಹಾಕಿ ಎತ್ತಿಕೊಂಡು ಹೋದರು. ಹಿರಿಯ ಸದಸ್ಯರಿಗೆ ಬೇಸರವಾಯಿತು, ಹಬ್ಬದ ಕಳೆಯೇ ಹೋಯಿತು ಎಂದರು. ಅದರಲ್ಲಿ ಸುಳ್ಳಿಲ್ಲ, ಮಕ್ಕಳು ಬೇಗ ಮನೆಗೆ ಹೋದರು. ಡಬ್ಬಿಯಲ್ಲಿ ಬಿದ್ದದ್ದು ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ. ಅಣ್ಣತಮ್ಮಂದಿರು ಇನ್ನೂ ಬೇರೆ ಬೇರೆ ಬೆಂಚುಗಳಲ್ಲಿಯೇ ಕೂರುತ್ತಾರೆ.

ಸಂಡೇ ಸ್ಕೂಲಿನ ಕೋಣೆಗೆ ಹೊಸ ಶೀಟು ಹೊದಿಸಲು ಹಬ್ಬದ ಹಣವನ್ನೇ ನಂಬಿದ್ದರು. ಈ ಮಳೆಗಾಲದಲ್ಲಿಯೂ ಅದು ಸೋರುತ್ತದೆ. ಹರಾಜನ್ನು ಮತ್ತೆ ತರೋಣ, ಬೇಕಾದರೆ ಒಂದು ಮಿತಿ ಹಾಕೋಣ ಎಂಬ ಸೂಚನೆ ಮುಂದಿನ ಸಮಿತಿ ಸಭೆಗೆ ಬರಲಿದೆ. ನಾನು ಬೇಡವೆಂದೇ ಕೈ ಎತ್ತುವವನಿದ್ದೇನೆ. ಹಾಗಾದರೆ ಶೀಟಿಗೆ ಹಣ ಎಲ್ಲಿಂದ ಎಂದು ಖಜಾಂಚಿಯವರು ಕೇಳಿಯೇ ಕೇಳುತ್ತಾರೆ, ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಾ. ಸೋಫಾ ಕೊಂಡದ್ದು ಅವರಿಗೂ ಗೊತ್ತು.